ಒಡೆದ ಟಚ್‌ಪ್ಯಾಡಿಗೆ ಜಂಪರ್ ಎಳೆದೆ: ನನ್ನ ಅನುಭವ

ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ಮಗಳು ನನ್ನ ರಿಪೇರಿ ಅಂಗಡಿಗೆ ಒಂದು ಲ್ಯಾಪ್‌ಟಾಪ್ ತಂದಿದ್ದಳು. ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ಊರಿಗೆ ಹೋದಾಗ ಶೇಂಗಾ ಹಿಂಡಿ ಕುಟ್ಟುವ ಕಬ್ಬಿಣದ ಗುಂಡು ಗೋಡೆಯ ಮಾಡದಿಂದ ಜಾರಿ, ಕಟ್ಟೆ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪ್ ಮೇಲೆ ಬಿದ್ದಿದೆ. ಟಚ್‌ಪ್ಯಾಡಿನ ಬಲಗಡೆಯ ಕೆಳಮೂಲೆ ಪುಡಿ. ಗಾಜಿನ ಬಿರುಕು ನಡುವಿನವರೆಗೆ ಹರಿದಿತ್ತು.

"ಅಣ್ಣಾರ, ಮೌಸ್ ಹಚ್ಚಿ ನಡಸಾಕತ್ತೀನ್ರಿ. ಆದ್ರ ಲೈಬ್ರರಿಯೊಳಗ ಮೌಸ್ ಇಡಾಕ ಜಾಗಾನ ಇರೂದಿಲ್ಲ" ಅಂದಳು.

ಅವಳು ಆಗಲೇ ಎರಡು ಕಡೆ ತೋರಿಸಿ ಬಂದಿದ್ದಳು. ಎರಡೂ ಕಡೆ ಪಾಮ್‌ರೆಸ್ಟ್, ಅಂದರೆ ಟಚ್‌ಪ್ಯಾಡ್ ಕೂತಿರುವ ಮೇಲಿನ ಕವಚ, ಪೂರ್ತಿ ಬದಲಿಸಬೇಕು ಅಂದಿದ್ದರು. ಏಳು ಸಾವಿರದ ಹತ್ತಿರ. ಆರು ವರ್ಷದ ಹಳೆಯ ಮಷಿನ್ನಿಗೆ ಅಷ್ಟು ಯಾರು ಹಾಕುತ್ತಾರೆ?

ನಾನು ಮೊದಲು ಕಂಪ್ಯೂಟರಿನ ಪೇಂಟ್ ಪ್ರೋಗ್ರಾಮ್ ತೆರೆದು ಗೆರೆ ಎಳೆದು ನೋಡಿದೆ. ಎಡದಿಂದ ಬಲಕ್ಕೆ ಗೆರೆ ನೇರವಾಗಿ ಬರುತ್ತದೆ, ಬಲ ಅಂಚಿಗೆ ಒಂದೂವರೆ ಸೆಂಟಿಮೀಟರ್ ಇರುವಾಗ ನಿಂತುಬಿಡುತ್ತದೆ. ಮೇಲಿಂದ ಕೆಳತನಕ ಅಷ್ಟು ಅಗಲದ ಪಟ್ಟಿ ಪೂರ್ತಿ ಸತ್ತಿತ್ತು, ಮಿಕ್ಕಿದ್ದೆಲ್ಲ ಜೀವಂತ. ಅಂದರೆ ಚಿಪ್ ಚೆನ್ನಾಗಿದೆ, ರಿಬ್ಬನ್ ಕೇಬಲ್ ಚೆನ್ನಾಗಿದೆ. ಮೂಲೆಯಲ್ಲಿ ಮೂರು ಟ್ರ್ಯಾಕ್, ಅಂದರೆ ಬೋರ್ಡಿನ ತಾಮ್ರದ ಸಣ್ಣ ಗೆರೆಗಳು, ಕಡಿದಿವೆ, ಅಷ್ಟೇ. ಮೂರು ಟ್ರ್ಯಾಕಿಗೆ ಏಳು ಸಾವಿರವಾ?

ಆದರೂ ಮೊದಲು ಸುಲಭದ ದಾರಿಗೇ ಹೋದೆ. ಆನ್‌ಲೈನಿನಲ್ಲಿ ಹಳೆಯ ಟಚ್‌ಪ್ಯಾಡ್ ತರಿಸಿದೆ, 1,850 ರೂಪಾಯಿ ಇರಬೇಕು. ನೋಡಲು ಅದೇ, ಅಳತೆಯೂ ಅದೇ. ಕನೆಕ್ಟರಿನ ಪಿನ್ ಮಾತ್ರ ಬೇರೆ. ಹಿಂದಿನ ಸ್ಟಿಕ್ಕರ್ ಕಿತ್ತಿದ್ದೆ, ಹಾಗಾಗಿ ವಾಪಸ್ ತೆಗೆದುಕೊಳ್ಳಲಿಲ್ಲ. ಆ ದುಡ್ಡು ನನ್ನ ಕೈಯಿಂದ ಹೋಯಿತು. ಅವಳಿಂದ ಹೇಗೆ ಕೇಳಲಿ?

ಜಂಪರ್, ಅಂದರೆ ಕಡಿದ ಟ್ರ್ಯಾಕಿನ ಬದಲು ಸಣ್ಣ ತಂತಿ, ಹಾಕುತ್ತೇನೆ ಅಂದಾಗ ನಮ್ಮ ಲೈನಿನ ಹಿರಿಯರೊಬ್ಬರು ಒಪ್ಪಲಿಲ್ಲ. ನಾನು ಕೆಲಸ ಕಲಿತದ್ದೇ ಅವರ ಕೈಕೆಳಗೆ. "ತಮ್ಮಾ, ಟಚ್‌ಪ್ಯಾಡ್ ಬೋರ್ಡಿಗೆ ಯಾರರ ಜಂಪರ್ ಹೊಡೀತಾರೇನು? ಬೆರಳ ಎಲ್ಲೆರ ಇಡು, ಆ ವಾಯರ್ ನಡುವ ಬಾಯಿ ಹಾಕ್ತದ" ಅಂದರು. ಅವರ ಮಾತಿನಲ್ಲಿ ಹುರುಳಿತ್ತು. ಬೆರಳು ಬಂದಾಗ ಆಗುವ ಸಣ್ಣ ಬದಲಾವಣೆಯನ್ನೇ ಚಿಪ್ ಅಳೆಯುವುದು. ಬಿಚ್ಚಿಟ್ಟ ತಂತಿಯೂ ಬೆರಳಿಗೆ ಸ್ಪಂದಿಸಬಹುದು. ಅದಕ್ಕೇ ತಂತಿಯನ್ನು ಮೇಲ್ಮೈಯಲ್ಲಿ ಎಳೆಯದೆ ಬೋರ್ಡಿನ ಹಿಂಬದಿಯಲ್ಲಿ, ಗ್ರೌಂಡ್ ತಾಮ್ರದ ಮರೆಯಲ್ಲಿ, ಆದಷ್ಟು ಗಿಡ್ಡವಾಗಿ ಎಳೆಯುವುದೆಂದು ತೀರ್ಮಾನ ಮಾಡಿದೆ.

ನೇರವಾಗಿ ಅವಳ ಪ್ಯಾಡಿಗೆ ಕೈ ಹಾಕಲಿಲ್ಲ. ಗಾಜು ಬಿಡಿಸುವುದನ್ನು ಕಲಿಯಲು ಗುಜರಿಯಿಂದ ನೂರು ರೂಪಾಯಿಗೆ ಒಂದರಂತೆ ನಾಲ್ಕು ಪ್ಯಾಡ್ ತಂದೆ. ಮೊದಲನೆಯದಕ್ಕೆ ಬಿಸಿಗಾಳಿಯ ಹಾಟ್ ಏರ್ ಗನ್ ಹಿಡಿದೆ. ಗಾಜು ಬರುವ ಮೊದಲೇ ಹಿಂದಿನ ಕ್ಲಿಕ್ ಸ್ವಿಚ್ ಕರಗಿತು, ಬೋರ್ಡ್ ಹಪ್ಪಳದ ಹಾಗೆ ಡೊಂಕಾಯಿತು. ಎರಡನೆಯದಕ್ಕೆ ಬ್ಲೇಡ್ ತೂರಿಸಿದೆ. ಗಾಜು ಬಂತು, ಜೊತೆಗೆ ನಾಲ್ಕು ಒಳ್ಳೆಯ ಟ್ರ್ಯಾಕ್ ಕೂಡ ಬಂದವು. ಆಮೇಲೆ ಪಕ್ಕದ ಮೊಬೈಲ್ ಅಂಗಡಿಯ ಡಿಸ್‌ಪ್ಲೇ ಸೆಪರೇಟರ್, ಅಂದರೆ ಬಿಸಿ ಮಾಡಿ ಗಾಜು ಬಿಡಿಸುವ ಯಂತ್ರ, ನೆನಪಾಯಿತು. 80 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ, ತೆಳ್ಳನೆ ತಂತಿ ಹಾಕಿ ನಿಧಾನವಾಗಿ ಎಳೆದರೆ ಮೂರನೆಯದರ ಗಾಜು ಸಲೀಸಾಗಿ ಬಂತು. ನಾಲ್ಕನೆಯದೂ ಬಂತು. ಆಮೇಲೆ ಧೈರ್ಯ ಬಂತು.

ಅವಳ ಬೋರ್ಡಿನ ಅಂಚಿನಲ್ಲಿ, ಮೈಕ್ರೋಸ್ಕೋಪಿನ ಕೆಳಗೆ, ಮೂರು ಟ್ರ್ಯಾಕ್ ಕೂದಲಿನ ಹಾಗೆ ಅಕ್ಕಪಕ್ಕ ಕಡಿದು ನಿಂತಿದ್ದವು. ಹಿಂಬದಿಯಲ್ಲಿ ಅವು ಇಳಿಯುವ ತೂತುಗಳ ಹಸಿರು ಬಣ್ಣ ಕೆರೆದು, ಬೆಸುಗೆ ಹಿಡಿಯಲು ಫ್ಲಕ್ಸ್ ಹಚ್ಚಿ, ಮೊಬೈಲ್ ಬೋರ್ಡಿಗೆ ಬಳಸುವ ಜಂಪರ್ ತಂತಿ ಕೂರಿಸಿದೆ. ಯಾವ ತೂತು ಚಿಪ್ಪಿನ ಯಾವ ಕಾಲಿನದು ಎಂದು ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ಇಲ್ಲದೆ ಹುಡುಕಲು ನಾನೊಂದು ಉಪಾಯ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಮಲ್ಟಿಮೀಟರ್ ಮೂರಕ್ಕೂ ಬೀಪ್ ಅಂದಾಗ ರಾತ್ರಿ ಹನ್ನೊಂದು ದಾಟಿತ್ತು. ಮೇಲೆ ಯುವಿ ಬೆಳಕಿಗೆ ಗಟ್ಟಿಯಾಗುವ ಮಾಸ್ಕ್ ಲೇಪ, ಅದರ ಮೇಲೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್. ಬೆಸುಗೆ ಉಬ್ಬಿದರೆ ಒತ್ತಿದಾಗ ಕೆಳಗಿನ ಫ್ರೇಮಿಗೆ ತಾಗಿ ಕ್ಲಿಕ್ ಸರಿಯಾಗಿ ಕೂರುವುದಿಲ್ಲ. ಒಂದು ಸಲ ಬಿಚ್ಚಿ ಮತ್ತೆ ತೆಳ್ಳಗೆ ಮಾಡಬೇಕಾಯಿತು.

ಪೇಂಟಿನಲ್ಲಿ ಗೆರೆ ಎಳೆದೆ. ಅಂಚಿನವರೆಗೂ ಹೋಯಿತು. ಖುಷಿಯಲ್ಲಿ ಚಾರ್ಜರ್ ಹಚ್ಚಿದೆ, ಕರ್ಸರ್ ಕುಣಿಯತೊಡಗಿತು! ಬ್ಯಾಟರಿ ಮೇಲೆ ಸರಿ, ಚಾರ್ಜರ್ ಹಚ್ಚಿದರೆ ಕುಣಿತ. ಹಿರಿಯರ ಮಾತೇ ನಿಜವಾಯಿತು ಅಂದುಕೊಂಡು ಎರಡು ದಿನ ತಂತಿಯನ್ನೇ ತಿದ್ದಿದೆ. ತಪ್ಪು ತಂತಿಯದಲ್ಲ. ಗ್ರೌಂಡಿಗಾಗಿ ಪ್ಯಾಡಿನಿಂದ ಫ್ರೇಮಿಗೆ ಹೋಗುವ ತಾಮ್ರದ ಟೇಪನ್ನು ನಾನು ವಾಪಸ್ ಅಂಟಿಸಿರಲಿಲ್ಲ. ಹೊಸ ತುಂಡು ಅಂಟಿಸಿದೆ, ಕುಣಿತ ನಿಂತಿತು. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಈ ಟೇಪಿನ ಮಹತ್ವ ಇನ್ನೂ ಜಾಸ್ತಿ. ಕರ್ಸರ್ ಕುಣಿಯುತ್ತದೆ ಅಂತ ಯಾರಾದರೂ ತಂದರೆ ಈಗ ಮೊದಲು ಇದನ್ನೇ ನೋಡುತ್ತೇನೆ.

ಇನ್ನು ಮೇಲ್ಹೊದಿಕೆ. ಇದರಲ್ಲಿ ಸುಮ್ನೆ ಒಂದಷ್ಟು ಆಟ ಆಡಿದೆ. 2 ಮಿಲಿಮೀಟರ್ ಅಕ್ರಿಲಿಕ್ ಕತ್ತರಿಸಿ ಹಾಕಿದೆ, ಬೆರಳು ಅರ್ಧ ಸಲ ಗೊತ್ತೇ ಆಗಲಿಲ್ಲ. ಮೊಬೈಲಿನ ಟೆಂಪರ್ಡ್ ಗಾಜು ಹಾಕಿದೆ, ಟಚ್ ಚೆನ್ನಾಗಿತ್ತು, ಆದರೆ ನಮ್ಮ ಬೇಸಿಗೆಯ ಬೆವರಿಗೆ ಬೆರಳು ಅಂಟುತ್ತಿತ್ತು. ಓಎಚ್‌ಪಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ವಾರದಲ್ಲೇ ಗೀರು. ಕೊನೆಗೆ ಕೈಹಿಡಿದದ್ದು ಟ್ಯಾಬ್ಲೆಟ್ಟಿನ ಮ್ಯಾಟ್ ಸ್ಕ್ರೀನ್ ಗಾರ್ಡ್, ನೂರೈವತ್ತು ರೂಪಾಯಿಯದು. ಬರೀ ಅದನ್ನು ಅಂಟಿಸಿದರೆ ತಗ್ಗು ಬೀಳುತ್ತದೆ, ಅಡಿಗೆ ತೆಳ್ಳನೆಯ ಇನ್ನೊಂದು ಪದರ ಬೇಕು. ಯಾವ ಪದರ ಅನ್ನುವುದು ನನ್ನ ಅಂಗಡಿಯಲ್ಲೇ ಇರಲಿ.

ಸಾಮಾನಿಗೆ ಮುನ್ನೂರು ಬಿತ್ತು. ಅವಳ ಹತ್ತಿರ ಸಾವಿರದ ಐನೂರು ತೆಗೆದುಕೊಂಡೆ. ತಪ್ಪು ಪ್ಯಾಡ್, ಗುಜರಿ ಪ್ಯಾಡ್ ಎಲ್ಲ ಸೇರಿಸಿದರೆ ಆ ಕೆಲಸದಲ್ಲಿ ಸಾವಿರಕ್ಕೂ ಜಾಸ್ತಿ ಕೈಯಿಂದ ಹೋಗಿದೆ. ಅದಾದ ಮೇಲೆ ಹತ್ತು ಹನ್ನೊಂದು ಪ್ಯಾಡ್ ಮಾಡಿದ್ದೇನೆ, ಈಗ ಒಂದಕ್ಕೆ ಎರಡು ಗಂಟೆ ಸಾಕು. ಸೊಲ್ಲಾಪುರದ ಒಬ್ಬ ಡೀಲರ್ ಬಸ್ಸಿನಲ್ಲಿ ಪಾರ್ಸೆಲ್ ಹಾಕಿ ಕಳಿಸುತ್ತಾರೆ. ಎರಡು ಮಾತ್ರ ಕೈಕೊಟ್ಟವು. ಎರಡರಲ್ಲೂ ಬಿರುಕು ಚಿಪ್ಪಿನ ಅಡಿಯಲ್ಲೇ ಹಾದುಹೋಗಿತ್ತು. ಅಂಥ ಬೋರ್ಡ್ ಬಂದರೆ ಈಗ ನಾನೂ ಪಾಮ್‌ರೆಸ್ಟ್ ಹಾಕಿಸಿ ಅಂತಲೇ ಹೇಳುತ್ತೇನೆ.

ಕಳೆದ ಏಪ್ರಿಲಿನಲ್ಲಿ ಆ ಹುಡುಗಿ ಮತ್ತೆ ಬಂದಿದ್ದಳು. ಬಿಸಿಲಿಗೆ ಗಾರ್ಡಿನ ಒಂದು ಮೂಲೆ ಎದ್ದಿತ್ತು. ಹತ್ತು ನಿಮಿಷದಲ್ಲಿ ಅಂಟಿಸಿ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಆ ಹೊತ್ತಿಗೆ ಹಿರಿಯರೂ ಅಂಗಡಿಯಲ್ಲಿದ್ದರು. ಪ್ಯಾಡಿನ ಬಲ ಅಂಚಿನ ಮೇಲೆ ಬೆರಳಾಡಿಸಿ ನೋಡಿ, "ನಮ್ಮ ಕಡೆ ಎರಡು ಬಿದ್ದಾವ, ನಾಳೆ ಕಳಸ್ತೀನಿ" ಅಂದರು.