ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಎಷ್ಟು ಹೊತ್ತಿನ ಹಾರಾಟ, ಲೆಕ್ಕ ಹಾಕುವುದು ಹೇಗೆ

ಟಿಕೆಟ್ಟಿನಲ್ಲಿರುವ ಹೊರಡುವ ಸಮಯವನ್ನು ತಲುಪುವ ಸಮಯದಿಂದ ಕಳೆದು ಪ್ರಯಾಣದ ಅವಧಿ ತೆಗೆಯಬೇಡಿ. ಅವೆರಡೂ ಆಯಾ ಊರಿನ ಗಡಿಯಾರದ ಸಮಯ. ಮೊದಲು ದೂರ, ಆಮೇಲೆ ಹಾರಾಟದ ಹೊತ್ತು, ಕೊನೆಗೆ ಗಡಿಯಾರ. ಈ ಕ್ರಮ ಬಿಡಬೇಡಿ.

ದೂರಕ್ಕೆ ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬೇಕು. ಕೆಂಪೇಗೌಡ ನಿಲ್ದಾಣ 13.20 ಉತ್ತರ, 77.71 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.62 ಉತ್ತರ, 122.38 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ರೇಖಾಂಶಗಳನ್ನು ಕೂಡಬೇಕು: 200.09. ಇದು 180 ದಾಟಿತು, ಹಾಗಾಗಿ 360ರಿಂದ ಕಳೆಯಿರಿ: 159.91. ಸೈಂಟಿಫಿಕ್ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ನೋಡಿಕೊಳ್ಳಿ. ರೇಡಿಯನ್‌ನಲ್ಲಿದ್ದರೆ ಉತ್ತರ ಪೂರ್ತಿ ಕೆಡುತ್ತದೆ. ಎರಡು ಅಕ್ಷಾಂಶಗಳ ಸೈನ್ ಗುಣಿಸಿದರೆ 0.139. ಅವೆರಡರ ಕೊಸೈನ್ ಜೊತೆಗೆ 159.91ರ ಕೊಸೈನ್, ಮೂರನ್ನೂ ಗುಣಿಸಿದರೆ ಮೈನಸ್ 0.724. ಎರಡೂ ಸೇರಿ ಮೈನಸ್ 0.585. ಇದಕ್ಕೆ ವಿಲೋಮ ಕೊಸೈನ್ ಒತ್ತಿ: 125.8 ಡಿಗ್ರಿ. ಡಿಗ್ರಿಗೆ 111.2 ಕಿ.ಮೀ. ಹಿಡಿದರೆ ಸುಮಾರು 13,990. ಭೂಮಿ ಪೂರ್ತಿ ಗುಂಡಗಿಲ್ಲ, 14,000 ಎಂದಿಟ್ಟುಕೊಂಡರೆ ಸಾಕು.

ಗೋಡೆಯ ಭೂಪಟದಲ್ಲಿ ಸ್ಕೇಲಿಟ್ಟು ಅಳೆದರೆ ಇದು ಸಿಗುವುದಿಲ್ಲ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡಿ: ದಾರ ಟಿಬೆಟ್, ಸೈಬೀರಿಯಾ ದಾಟಿ 70 ಡಿಗ್ರಿ ಉತ್ತರದವರೆಗೂ ಏರಿ ಇಳಿಯುತ್ತದೆ. ವಿಮಾನ ಮಾತ್ರ ಈ ದಾರದ ಮೇಲೇ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಬೇಗ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಅದಕ್ಕೇ ಸುತ್ತಿ ಹೋಗುತ್ತಾರೆ.

ಈಗ ಹೊತ್ತು. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. 14,000 ಭಾಗಿಸು 900, ಹದಿನೈದೂವರೆ ಗಂಟೆ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸೇರಿಸಿ. ಸುತ್ತು ದಾರಿಗೆ, ಗಾಳಿಗೆ ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಚಳಿಗಾಲದಲ್ಲಿ ಜೋರು, ಬೆನ್ನಿಗೆ ಸಿಕ್ಕರೆ ಲಾಭ, ಎದುರಾದರೆ ನಷ್ಟ. ಒಟ್ಟು 17 ಗಂಟೆ ಆಸುಪಾಸು. ದುಬೈ ಮೂಲಕವಾದರೆ 2,700 ಮತ್ತು 13,040 ಕಿ.ಮೀ., ಎರಡನ್ನೂ ಬೇರೆಬೇರೆ ಲೆಕ್ಕ ಹಾಕಿ, ನಡುವಿನ ಕಾಯುವಿಕೆಯನ್ನೂ ಸೇರಿಸಿ.

ಹೆಚ್ಚು ಜನ ಎಡವುವುದು ಗಡಿಯಾರದಲ್ಲಿ. ನಮ್ಮ ಸಮಯ ಕ್ಯಾಲಿಫೋರ್ನಿಯಾಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಮುಂದೆ. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿಯ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ಜುಲೈನಲ್ಲಿ ಮಗಳು ಶನಿವಾರ ರಾತ್ರಿ 8:30ಕ್ಕೆ ಅಲ್ಲಿಂದ ಹೊರಟಳು ಎನ್ನಿ. ಆಗ ನಮ್ಮಲ್ಲಿ ಭಾನುವಾರ ಬೆಳಗ್ಗೆ 9. ಅದಕ್ಕೆ ಹದಿನೇಳೂವರೆ ಗಂಟೆ ಸೇರಿಸಿದರೆ ಇಳಿಯುವುದು ಸೋಮವಾರ ನಸುಕಿನ 2:30ಕ್ಕೆ. ಕರೆತರಲು ಹೋಗುವವರು ಭಾನುವಾರ ರಾತ್ರಿ ಊಟ ಮುಗಿಸಿಯೇ ದೇವನಹಳ್ಳಿ ಕಡೆ ಹೊರಡಬೇಕು. ಸೋಮವಾರ ರಾತ್ರಿ ಹೋದರೆ ಒಂದು ದಿನ ತಡ.