ಹಿತ್ತಲಲ್ಲಿ ವಲಸೆ ಹಕ್ಕಿ ನೋಡೋಕೆ ಇದೇ ಸಮಯ

ಯುಗಾದಿ ಹೊತ್ತಿಗೆ ಚಳಿಗಾಲದ ಹಕ್ಕಿಗಳು ಉತ್ತರಕ್ಕೆ ಹೊರಡುತ್ತವೆ. ಏಪ್ರಿಲ್ ಮುಗಿಯೋವರೆಗೂ ಬೆಂಗಳೂರು, ಮೈಸೂರಿನ ಮನೆಗಳ ಹಿತ್ತಲಲ್ಲೂ ಸಿಗುತ್ತವೆ, ನಾವು ಗಮನಿಸಲ್ಲ ಅಷ್ಟೇ.

ಮೊದಲು ಕಿವಿ ಕೊಡಿ. ದಾಸವಾಳದ ಪೊದೆಯೊಳಗಿಂದ ಎರಡು ಬೆಣಚುಕಲ್ಲು ತಟ್ಟಿದ ಹಾಗೆ 'ಚೆಕ್... ಚೆಕ್' ಅಂತ ಕೇಳಿದರೆ ಅದು ಬಹುಶಃ ಬ್ಲೈತ್ಸ್ ರೀಡ್ ವಾರ್ಬ್ಲರ್, ಗುಬ್ಬಿಗಿಂತ ಸಣ್ಣದು, ಮಾಸಲು ಕಂದು ಬಣ್ಣ, ಹೊರಗೆ ಬರೋದೇ ಕಡಿಮೆ, ಹಾಗಾಗಿ ಕೊಂಬೆ ಸರಿಸಿ ಹುಡುಕಬೇಡಿ, ಹತ್ತು ನಿಮಿಷ ಸುಮ್ನೆ ಕೂತಿರಿ, ಎಲೆ ಅಡಿಯ ಹುಳ ಹೆಕ್ಕುತ್ತಾ ಅದು ತಾನಾಗೇ ಪೊದೆಯ ಅಂಚಿಗೆ ಬರುತ್ತದೆ.

ಒಣಗಿದ ಎಲೆ ಪೂರ್ತಿ ಗುಡಿಸಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಹೋದ ವರ್ಷ ನಮ್ಮ ಮಾವಿನ ಮರದ ಕೆಳಗೆ ನವರಂಗ ಹಕ್ಕಿ (ಇಂಡಿಯನ್ ಪಿಟ್ಟ) ಇಳಿದಿತ್ತು. ಕೊಕ್ಕಿನಿಂದ ಒಂದೊಂದೇ ಎಲೆ ಮಗುಚುತ್ತಾ, ಮೋಟು ಬಾಲ ಮೇಲೆ ಕೆಳಗೆ ಆಡಿಸುತ್ತಾ ಇತ್ತು, ಹೊಟ್ಟೆಯ ಕೆಳಗೆ ಕುಂಕುಮದಂಥ ಕೆಂಪು. ಎರಡೇ ದಿನ ಇತ್ತು, ಮತ್ತೆ ಕಾಣಲಿಲ್ಲ.

ಹಕ್ಕಿಗಳ ನೀರಿಗೆ ಅಗಲವಾದ ಮಣ್ಣಿನ ತಟ್ಟೆ ಸಾಕು, ಎರಡು ಬೆರಳಿನಷ್ಟೇ ಆಳ, ನಡುವೆ ಒಂದು ಒರಟು ಕಲ್ಲು. ದಿನಾ ನೀರು ಬದಲಿಸಿ, ಇಲ್ಲಾಂದ್ರೆ ಸೊಳ್ಳೆ ಜಾಸ್ತಿ. ಬೆಕ್ಕು ಅವಿತು ಕೂರುವ ಜಾಗದ ಹತ್ತಿರ ಮಾತ್ರ ಇಡಬೇಡಿ.

ಬೆಳಿಗ್ಗೆ 6.30ರಿಂದ 8 ಒಳ್ಳೆ ಹೊತ್ತು. ಕೂಗು ಗೊತ್ತಾಗದಿದ್ದರೆ ಹಕ್ಕಿ ಗುರುತಿಸೋ ಮರ್ಲಿನ್ ಆಪ್‌ನಲ್ಲಿ ರೆಕಾರ್ಡ್ ಮಾಡಿ ನೋಡಿ, ಆದರೆ ಹಕ್ಕಿಯನ್ನು ಕರೆಯೋಕೆ ಅಂತ ಅದರದ್ದೇ ಕೂಗು ಹಾಕಬೇಡಿ.