ತೊಟ್ಟಿ ಎರಡು, ಬಣ್ಣ ನಾಲ್ಕು

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ಎರಡೇ ಬಣ್ಣದಲ್ಲಿ ಅಚ್ಚಾಗುವ ಪುಸ್ತಕವೆಂದರೆ ಮೊದಲೆಲ್ಲ ಮುಖ ಸಿಂಡರಿಸುತ್ತಿದ್ದೆ. ಈಗ ಅಂಥ ಕೆಲಸವನ್ನೇ ಕೇಳಿ ಪಡೆಯುತ್ತೇನೆ. ಈ ಬದಲಾವಣೆಗೆ ಕಾರಣ ಇಂಡೋನೇಷ್ಯಾದ ಜಾವಾ ದ್ವೀಪದ ಬಾಟಿಕ್: ಬಣ್ಣ ತಾಗಬಾರದ ಕಡೆ ಮೇಣ ಹಚ್ಚಿ ಬಟ್ಟೆಯನ್ನು ಬಣ್ಣದಲ್ಲಿ ಅದ್ದುವ ಕಲೆ.

ಕಲಿತದ್ದು ಯೋಗ್ಯಕರ್ತಾದ ದಕ್ಷಿಣಕ್ಕೆ, ಮಾತರಾಮ್ ಅರಸರ ಸಮಾಧಿಗಳಿರುವ ಇಮೊಗಿರಿಯ ಸಮೀಪದ ಗಿರಿಲೊಯೊ ಊರಿನಲ್ಲಿ. ಅಲ್ಲಿನ ಹೆಂಗಸರು ಸಣ್ಣ ಒಲೆಯ ಸುತ್ತ ಕುಳಿತು ಬಟ್ಟೆಯ ಮೇಲೆ ಕೈಯಲ್ಲೇ ಮೇಣದ ಗೆರೆ ಎಳೆಯುತ್ತಾರೆ. ಅವರ ಲೇಖನಿ ಚಾಂಟಿಂಗ್. ಹಿಡಿಯ ತುದಿಯಲ್ಲಿ ತಾಮ್ರದ ಪುಟ್ಟ ಬಟ್ಟಲು, ಅದಕ್ಕೊಂದು ಸಪೂರ ಕೊಳವೆ. ಮೇಣ ಹೆಚ್ಚು ಕಾದರೆ ಗೆರೆ ಹರಡಿಕೊಳ್ಳುತ್ತದೆ. ಕಾವು ಸಾಲದಿದ್ದರೆ ಮೇಣ ನೂಲಿನೊಳಗೆ ಇಳಿಯದೆ ಮೇಲೆಯೇ ಕೂರುತ್ತದೆ, ಅದರಡಿಗೆ ಬಣ್ಣ ನುಸುಳುತ್ತದೆ. ನನಗೆ ಕಲಿಸಿದಾಕೆ, ಅಲ್ಲಿನವರ ಮಾತಿನಲ್ಲಿ ಇಬು (ಅಮ್ಮ), ಬಟ್ಟೆಯನ್ನು ಮಗುಚಿ ಹಿಂಬದಿಯನ್ನೇ ಮೊದಲು ನೋಡುತ್ತಿದ್ದರು. ಮುಂದಿನ ಗೆರೆ ಎಷ್ಟೇ ಚೆನ್ನಾಗಿರಲಿ, ಹಿಂದೆ ಕಾಣದಿದ್ದರೆ ಅದು ಅವರ ಲೆಕ್ಕಕ್ಕಿಲ್ಲ.

ಕೈಯಾದರೂ ಪಳಗುತ್ತದೆ, ಯೋಚನೆಯ ಕ್ರಮ ತಿರುವುಮುರುವಾಗುವುದೇ ಕಷ್ಟ. ಹಳೆಯ ಯೋಗ್ಯಕರ್ತಾ ಪದ್ಧತಿಯಲ್ಲಿ ಬಣ್ಣದ ತೊಟ್ಟಿಗಳು ಎರಡೇ: ನೀಲಿ, ಮತ್ತು ಮರದ ತೊಗಟೆಗಳಿಂದ ಬರುವ ಸೊಗ ಎಂಬ ಕಂದು. ಮೊದಲು ಹೊರಗೆರೆಗೆ, ಒಳಗಿನ ಚುಕ್ಕಿಗೆರೆಗಳಿಗೆ, ಬಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ಮೇಣ. ಆಮೇಲೆ ತಣ್ಣನೆಯ ನೀಲಿಯಲ್ಲಿ ಮತ್ತೆ ಮತ್ತೆ ಅದ್ದುತ್ತಾರೆ. ಕಂದು ಬೇಕಾದಲ್ಲಿ ಮೇಣವನ್ನು ಕೆರೆದು ತೆಗೆದು, ನೀಲಿಯಾಗಿಯೇ ಉಳಿಯಬೇಕಾದಲ್ಲಿ ಹೊಸದಾಗಿ ಮುಚ್ಚಿ, ಸೊಗದಲ್ಲಿ ಅದ್ದುತ್ತಾರೆ. ಕೆರೆದ ಜಾಗ ಕಂದಾಗುತ್ತದೆ, ನೀಲಿಯ ಮೇಲೆ ಸೊಗ ಬಿದ್ದಲ್ಲಿ ಹೆಚ್ಚುಕಡಿಮೆ ಕಪ್ಪು. ಕುದಿಯುವ ನೀರಿನಲ್ಲಿ ಮೇಣ ಕರಗಿ ಹೋಗುವವರೆಗೆ ಚಿತ್ರವನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡಿರಬೇಕು.

ನಾನು ತಂದುಕೊಂಡದ್ದು ಈ ಅನುಕ್ರಮವನ್ನು. ಈಗ ಪೆನ್ಸಿಲ್ ನಕ್ಷೆಯಲ್ಲಿ ಮೊದಲು ಕಾಗದದ ಬಿಳಿಯನ್ನೇ ಗುರುತು ಹಾಕುತ್ತೇನೆ: ಕೊಕ್ಕರೆಯ ಮೈ, ಹಂಚಿನ ಸಂದಿಯಿಂದ ಬೀಳುವ ಬಿಸಿಲು. ನಂತರ ಪಾರದರ್ಶಕ ಹಾಳೆಗಳೆರಡರಲ್ಲಿ ನೀಲಿಯ ಪಾಲು, ಕಂದಿನ ಪಾಲು ಬೇರೆ ಬೇರೆ ಬರೆಯುತ್ತೇನೆ. ಎರಡೂ ಒಂದರ ಮೇಲೊಂದು ಬೀಳುವ ಜಾಗಗಳನ್ನು ಮಾತ್ರ ತುಂಬ ಜಿಪುಣತನದಿಂದ ಆರಿಸುತ್ತೇನೆ, ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಗದ್ದೆ, ನೀರು, ಕಂಬಳಿಗಳ ಮೈ ತುಂಬಲು ಬಾಟಿಕ್‌ನ ಇಸೆನ್ ಎಂಬ ಒಳತುಂಬು ಚುಕ್ಕಿಗಳು ಒದಗುತ್ತವೆ. ಚುಕ್ಕಿಗಳ ದಟ್ಟಣೆ ಬದಲಾಯಿಸಿದರೆ ಮೂರನೆಯ ಬಣ್ಣದ ಕೊರತೆ ಅಷ್ಟಾಗಿ ಕಾಡುವುದಿಲ್ಲ.

ಆಕೃತಿಗಳನ್ನು ಮಾತ್ರ ಎತ್ತಿಕೊಂಡಿಲ್ಲ. ಓರೆಪಟ್ಟೆಗಳ ಪರಾಂಗ್ ಒಂದು ಕಾಲಕ್ಕೆ ಅರಮನೆಯವರಿಗೆ ಮೀಸಲಾಗಿದ್ದ ವಿನ್ಯಾಸ. ಅದನ್ನು ನನ್ನ ಪುಟದ ಅಂಚಿಗೆ ಅಂಟಿಸಿ ಸ್ಫೂರ್ತಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಮನೆಯಲ್ಲಿ ಬಟ್ಟೆಯ ಮೇಲೆ ಪ್ರಯೋಗಿಸುವವರಿಗೆ ಒಂದು ಮಾತು. 1927ರಲ್ಲಿ ರವೀಂದ್ರನಾಥ ಠಾಕೂರರು ಜಾವಾಕ್ಕೆ ಹೋಗಿಬಂದ ಮೇಲೆ ಶಾಂತಿನಿಕೇತನದಲ್ಲಿ ಬಾಟಿಕ್ ಬೇರೂರಿತು. ಆದರೆ ನಮ್ಮಲ್ಲಿ ಬಾಟಿಕ್ ಎಂದರೆ ಮೇಣದ ಬಿರುಕುಗಳಲ್ಲಿ ಬಣ್ಣ ಇಳಿದು ಮೂಡುವ ಗೆರೆಗಳೇ ಎಂದು ನಂಬಿದವರು ಬಹಳ. ಜಾವಾದ ನುಣುಪು ಕೆಲಸದಲ್ಲಿ ಬಿರುಕು ಒಂದು ದೋಷ. ಬರೀ ಪ್ಯಾರಾಫಿನ್ ಬಿರಿಯುತ್ತದೆ, ಅದಕ್ಕೆ ಜೇನುಮೇಣ ಬೆರೆಸಿದರೆ ಬಾಗುತ್ತದೆ, ಸ್ವಲ್ಪ ಪೈನ್ ರಾಳ ಸೇರಿಸಿದರೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಹೊಸ ಹತ್ತಿಬಟ್ಟೆಯ ಗಂಜಿಯನ್ನು ಮೊದಲೇ ತೊಳೆದು ತೆಗೆಯಿರಿ. ಗಂಜಿ ಉಳಿದರೆ ಮೇಣವೂ ಇಳಿಯದು, ಬಣ್ಣವೂ ಹಿಡಿಯದು.